ಚಳಿಗೆ ಮೊಟ್ಟೆ ನಿಂತಿದೆ, ಬ್ರಹ್ಮ ತಳಿ ತರಲಾ?

ಪ್ರಶ್ನೆ – ಯಲಹಂಕದಿಂದ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮತ್ತೆ ಸೇರಿ ಮನೆ ಹಿಂದೆ 14 ಹ್ಯಾಟೆ, ಒಂದು ಹುಂಜ ಸಾಕಿದ್ದೇವೆ. ಎಲ್ಲ ನಾಟಿ, ಗಿರಿರಾಜ ಬೆರಕೆ. ವಯಸ್ಸು ಒಂದೂವರೆ ವರ್ಷ. ದಸರಾ ತನಕ ದಿನಕ್ಕೆ ಏಳೆಂಟು ಮೊಟ್ಟೆ ಸಿಗುತ್ತಿತ್ತು. ಈಗ ಡಿಸೆಂಬರ್‌ನಲ್ಲಿ ಒಂದು ಸಿಕ್ಕರೆ ಹೆಚ್ಚು. ಬೆಳಗಿನ ಚಳಿಗೆ ಹೆದರಿ ಗೂಡಿನ ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿದೆ. ಏನೂ ಪ್ರಯೋಜನ ಆಗಲಿಲ್ಲ.

ಬ್ರಹ್ಮ, ವಯಾಂಡಾಟ್ ತಳಿಗಳು ಹಿಮ ಬೀಳುವ ಕಡೆಯೂ ಮೊಟ್ಟೆ ಇಡುತ್ತವೆ ಅಂತ ಓದಿದೆ. ಒಬ್ಬರ ಹತ್ತಿರ ಬ್ರಹ್ಮ ಜೋಡಿ ಇದೆ, ಬೆಲೆ ತುಂಬಾ ಹೇಳುತ್ತಿದ್ದಾರೆ. ನಮಗೆ ಮೊಟ್ಟೆಯೂ ಬೇಕು, ಹಬ್ಬಕ್ಕೆ ಸಾರಿಗೂ ಆಗಬೇಕು. ತರಲಾ?

ಉತ್ತರ – ದೊಡ್ಡಬಳ್ಳಾಪುರದಿಂದ

ಅಕ್ಕ, ದಯವಿಟ್ಟು ದುಡ್ಡು ಕೊಡಬೇಡಿ. ನಮ್ಮೂರ ಚಳಿ ಬೆಳೆದ ಕೋಳಿಗೆ ಲೆಕ್ಕಕ್ಕೇ ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮೈತುಂಬ ಗರಿ ಇರುವ ಕೋಳಿ ಅದನ್ನು ಆರಾಮಾಗಿ ತಡೆಯುತ್ತದೆ.

ಚಳಿ ದೇಶದವರು ತಳಿ ಆರಿಸುವಾಗ ಮೊದಲು ಜುಟ್ಟು ನೋಡುತ್ತಾರೆ. ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿದಾಗ ಲೆಗ್‌ಹಾರ್ನ್ ತಳಿಯಂಥ ದೊಡ್ಡ ಜುಟ್ಟು ಹೆಪ್ಪುಗಟ್ಟಿ, ತುದಿ ಕಪ್ಪಾಗಿ ಉದುರುತ್ತದೆ. ವಯಾಂಡಾಟ್‌ದು ತಲೆಗೆ ಅಂಟಿಕೊಂಡ ಜುಟ್ಟು, ಬ್ರಹ್ಮದ್ದು ಗಿಡ್ಡ ಜುಟ್ಟು. ಕೆನಡಾದ ಕ್ವಿಬೆಕ್‌ನಲ್ಲಿ ಕ್ರೈಸ್ತ ಸನ್ಯಾಸಿಯೊಬ್ಬರು ಅಲ್ಲಿನ ಚಳಿಗೆಂದೇ ಬೆಳೆಸಿದ ಶಾಂಟೆಕ್ಲೇರ್ ತಳಿಗಂತೂ ಜುಟ್ಟು ಇದ್ದೂ ಇಲ್ಲದಂತೆ. ಆ ಊರಿಗೆ ಅದು ಸರಿ. ಇಲ್ಲಿ ಏಪ್ರಿಲ್ ಬಂದರೆ ಬ್ರಹ್ಮ ಬಾಯಿ ತೆರೆದು ಏದುಸಿರು ಬಿಡುತ್ತಾ ನಿಲ್ಲುತ್ತದೆ. ಮಳೆಗಾಲದಲ್ಲಿ ಕಾಲಿನ ಗರಿಗೆಲ್ಲ ಕೆಸರು ಮೆತ್ತಿಕೊಳ್ಳುತ್ತದೆ. ಮೈ ತುಂಬುವುದೂ ನಿಧಾನ.

ನಿಮ್ಮಲ್ಲಿ ಮೊಟ್ಟೆ ನಿಂತಿರುವುದು ಹಗಲು ಕಮ್ಮಿಯಾಗಿದ್ದಕ್ಕೆ. ಮೊಟ್ಟೆ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಈಗ ನಮಗೆ ಸಿಗುವುದು ಹನ್ನೊಂದೂವರೆ ಗಂಟೆಗೂ ಕಮ್ಮಿ. ಜೊತೆಗೆ ಒಂದೂವರೆ ವರ್ಷದ ಕೋಳಿ ಈ ಕಾಲದಲ್ಲಿ ಗರಿ ಬದಲಿಸುತ್ತದೆ. ತಿಂದದ್ದೆಲ್ಲ ಹೊಸ ಗರಿಗೇ ಹೋಗುತ್ತದೆ.

ರಾತ್ರಿ ಒಂದೊಂದನ್ನೇ ಎತ್ತಿಕೊಂಡು ನೋಡಿ. ಕತ್ತಿನ ಹತ್ತಿರ ಮುಳ್ಳಿನಂಥ ಹೊಸ ಗರಿ ಕೈಗೆ ಚುಚ್ಚುತ್ತಾ? ಹಿಂಭಾಗದ ಎರಡು ಮೂಳೆಗಳ ನಡುವೆ ಎರಡು ಬೆರಳು ಹಿಡಿಸಿದರೆ ಅದು ಮೊಟ್ಟೆ ಇಡುತ್ತಿದೆ. ಒಂದೇ ಬೆರಳು ಹಿಡಿಸಿದರೆ ನಿಲ್ಲಿಸಿದೆ.

ಟಾರ್ಪಾಲ್ ಇವತ್ತೇ ಮೇಲ್ಭಾಗದಲ್ಲಿ ಬಿಚ್ಚಿ. ಬೆಳಿಗ್ಗೆ ಗೂಡು ತೆಗೆದಾಗ ಕಣ್ಣು ಉರಿದರೆ ಅದು ಹಿಕ್ಕೆಯ ಅಮೋನಿಯಾ. ಹಿಮದ ದೇಶದಲ್ಲೂ ಗೂಡಿಗೆ ಗಾಳಿ ಆಡಲು ಜಾಗ ಬಿಡುತ್ತಾರೆ, ತೇವ ನಿಂತರೆ ಜುಟ್ಟು ಇನ್ನೂ ಬೇಗ ಹೆಪ್ಪುಗಟ್ಟುತ್ತದೆ ಅಂತ.

ಯಲಹಂಕದಿಂದ

ಅಣ್ಣ, ನೋಡಿದೆ. ಒಂಬತ್ತಕ್ಕೆ ಗರಿ ಚುಚ್ಚುತ್ತಿದೆ. ಗೂಡಿನಲ್ಲಿ ಕಣ್ಣು ಉರಿದದ್ದೂ ನಿಜ. ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿ ಕಟ್ಟಿತ್ತು, ಎಲ್ಲ ತೆಗೆದು ಹೊಸದು ಹಾಕಿದೆ. ಬೆಳಕು ಹೆಚ್ಚಿಸಲು ಬಲ್ಬ್ ಸಂಜೆ ಹಾಕಲಾ, ಬೆಳಿಗ್ಗೆನಾ? ಹೊಸ ಮರಿ ಯಾವುದು ತರಲಿ?

ದೊಡ್ಡಬಳ್ಳಾಪುರದಿಂದ

ಬೆಳಿಗ್ಗೆ ಹಾಕಿ. ಸಂಜೆ ಬಲ್ಬ್ ಥಟ್ಟನೆ ಆರಿದರೆ ಕೋಳಿಗಳಿಗೆ ಕೂರುವ ಕೋಲು ಕಾಣಲ್ಲ, ಕೆಳಗೇ ಉಳಿದುಬಿಡುತ್ತವೆ. ದಿನಾ ಹತ್ತು ನಿಮಿಷ ಹಿಂದಕ್ಕೆ ತಳ್ಳುತ್ತಾ ನಾಲ್ಕು ಗಂಟೆಗೆ ತನ್ನಿ. ಗರಿ ಬದಲಿಸುತ್ತಿರುವ ಒಂಬತ್ತನ್ನು ಅವಸರ ಮಾಡಬೇಡಿ, ಅವಕ್ಕೆ ಈ ವಿಶ್ರಾಂತಿ ಬೇಕು.

ಮೊಟ್ಟೆ, ಸಾರು ಎರಡಕ್ಕೂ ನಾನು ಹೇಳುವುದು ಸ್ವರ್ಣಧಾರಾ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ನಮ್ಮ ಹಿತ್ತಿಲಿಗೆಂದೇ ಮಾಡಿದ ತಳಿ, 2005ರಲ್ಲಿ ಬಂತು. ವರ್ಷಕ್ಕೆ 180ರಿಂದ 190 ಮೊಟ್ಟೆ. ಹುಂಜ ಐದಾರು ತಿಂಗಳಿಗೆ ನಾಲ್ಕು ಕೆಜಿ ಹತ್ತಿರ ಬರುತ್ತದೆ. ಫೆಬ್ರವರಿಯಲ್ಲಿ ಮರಿ ತಂದರೆ ಜುಲೈ, ಆಗಸ್ಟ್‌ಗೆ ಮೊಟ್ಟೆ ಶುರು. ಮೊದಲ ವರ್ಷದ ಹ್ಯಾಟೆ ಸಾಮಾನ್ಯವಾಗಿ ಗರಿ ಬದಲಿಸಲ್ಲ, ಹಾಗಾಗಿ ಮುಂದಿನ ಡಿಸೆಂಬರ್‌ನಲ್ಲೂ ಬುಟ್ಟಿ ಖಾಲಿ ಇರಲ್ಲ. ಚಳಿ ನಿಜವಾಗಿ ಕಾಡುವುದು ಮರಿಗಳಿಗೆ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಹತ್ತಿರ ಕಾವು ಇರಲಿ.

ಯಲಹಂಕದಿಂದ, ಮೂರು ವಾರದ ಮೇಲೆ

ಬ್ರಹ್ಮ ಬೇಡ ಅಂದುಬಿಟ್ಟೆ. ಇವತ್ತು ನಾಲ್ಕು ಮೊಟ್ಟೆ ಸಿಕ್ಕಿತು. ನಮ್ಮತ್ತೆ ಬೆಚ್ಚಗಿದ್ದಾಗಲೇ ತಂದು ನನ್ನ ಅಂಗೈಯಲ್ಲಿಟ್ಟರು.