ಅಪ್‌ಡೇಟ್: ಬೆಳ್ಳುಳ್ಳಿ-ಕೊತ್ತಂಬರಿ ಬೆಣ್ಣೆ ಈಗ ನೀರು ಬಿಡುತ್ತಿಲ್ಲ

ಮನೆಯಲ್ಲಿ ಕಡೆದ ಬೆಣ್ಣೆಗೆ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಕಲಸಿಟ್ಟರೆ ಮಾರನೇ ದಿನ ನೀರು ಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಮಸ್ಯೆ ಬಗೆಹರಿಯಿತು.

ಅಂಗಡಿಯ ಟೇಬಲ್ ಬಟರ್‌ನಲ್ಲಿ ಕನಿಷ್ಠ 80% ಹಾಲಿನ ಕೊಬ್ಬು ಇರಲೇಬೇಕು. ಮನೆ ಬೆಣ್ಣೆಗೆ ಅಂಥ ಲೆಕ್ಕವಿಲ್ಲ, ಒಳಗೆ ಮಜ್ಜಿಗೆ ಜಾಸ್ತಿ ಉಳಿಯುತ್ತದೆ. ಅದಕ್ಕೇ ಈ ಸಲ ಮುದ್ದೆಯನ್ನು ಐಸ್ ನೀರಿನಲ್ಲಿ ತೊಳೆದೆ. ಮೊದಲ ನೀರು ಬೆಳ್ಳಗೆ ಬಂತು. ತಿಳಿಯಾಗುವವರೆಗೂ ನೀರು ಬದಲಿಸಿ, ಆಮೇಲೆ ಮರದ ಸೌಟಿನಿಂದ ತಟ್ಟೆಗೆ ಒತ್ತಿ ಒತ್ತಿ ತೀಡಿದೆ. ಅಷ್ಟು ತೊಳೆದ ಮೇಲೂ ಸಣ್ಣ ಹನಿಗಳು ಹೊರಗೆ ಬರುತ್ತಲೇ ಇದ್ದವು! ಈ ಹಂತ ಮಾತ್ರ ಬಿಡಬೇಡಿ.

ಸೊಪ್ಪನ್ನು ಬಟ್ಟೆ ಮೇಲೆ ಪೂರ್ತಿ ಆರಿಸಿ ಹೆಚ್ಚಿದೆ. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕಾವಲಿ ಮೇಲೆ ಸುಟ್ಟು ಜಜ್ಜಿದೆ. ಹಸಿಯದಕ್ಕಿಂತ ಇದೇ ರುಚಿ, ಘಾಟೂ ಇಲ್ಲ. 100 ಗ್ರಾಂ ಬೆಣ್ಣೆಗೆ 4 ಎಸಳು ಸಾಕು. ಕಲಸುವಾಗ ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು.

ಬೆಳ್ಳುಳ್ಳಿ ಹಾಕಿದ ಬೆಣ್ಣೆಯನ್ನು ದಯವಿಟ್ಟು ಹೊರಗೆ ಇಡಬೇಡಿ. ಗಾಳಿ ಸಿಗದ ಕೊಬ್ಬಿನೊಳಗೆ ಬಾಟುಲಿಸಂ (ಜೀವಕ್ಕೇ ಅಪಾಯ ತರುವ ಆಹಾರ ವಿಷಬಾಧೆ) ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ನಾನು ಬಟರ್ ಪೇಪರ್‌ನಲ್ಲಿ ಉದ್ದಕ್ಕೆ ಸುತ್ತಿ, ಎರಡು ಮೂರು ದಿನಕ್ಕೆ ಬೇಕಾದಷ್ಟು ಫ್ರಿಜ್‌ನಲ್ಲಿಟ್ಟು ಉಳಿದದ್ದನ್ನು ಫ್ರೀಜರ್‌ಗೆ ಹಾಕಿದೆ.

ನಿಂಬೆರಸ ಹಾಕಿ ಅಂದವರಿಗೆ: ಕೆಲವೇ ಹನಿ ಹಾಕಿದೆ, ಚೆನ್ನಾಗಿದೆ. ಫ್ರೆಂಚರ ಮೇತ್ರ್ ದೋತೆಲ್ ಬೆಣ್ಣೆಯಲ್ಲೂ ಪಾರ್ಸ್ಲಿ ಸೊಪ್ಪಿನ ಜೊತೆ ನಿಂಬೆ ಇರುತ್ತದೆ. ಮುಂದೆ ಹಸಿಮೆಣಸು, ಕರಿಬೇವು ಹಾಕಿ ನೋಡುತ್ತೇನೆ.