ಜೇಮಿ ಮೆಕ್ಲಾರೆನ್ ಯೂರೋಪಿನಲ್ಲಿ ಯಾಕೆ ನಿಲ್ಲಲಿಲ್ಲ?

ವೆಸ್ಟ್ ಬ್ಲಾಕ್ ಹುಡುಗ: 2025ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್‌ನ ಹೊಟ್ಟೆಯುರಿ ನನಗಿನ್ನೂ ಆರಿಲ್ಲ. ಕೋಲ್ಕತ್ತಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೊದಲು ಮುಂದಿತ್ತು. ಮೋಹನ್ ಬಗಾನ್ ಪೆನಾಲ್ಟಿಯಲ್ಲಿ ಸಮ ಮಾಡಿತು. ಎಕ್ಸ್‌ಟ್ರಾ ಟೈಮ್‌ನಲ್ಲಿ, 96ನೇ ನಿಮಿಷಕ್ಕೆ, ಅವರ ಆಸ್ಟ್ರೇಲಿಯನ್ ಸ್ಟ್ರೈಕರ್ ಈ ಮೆಕ್ಲಾರೆನ್ ಕಪ್ ಕಿತ್ತುಕೊಂಡ. ಆದರೂ ಆಟಗಾರ ಇಷ್ಟವಾದ. ಅವನು ಆಡಿದ ಕಡೆಗಳು ನೋಡಿ: ಪರ್ತ್, ಬ್ರಿಸ್ಬೇನ್, ಜರ್ಮನಿಯ ಡಾರ್ಮ್‌ಸ್ಟಾಟ್, ಸ್ಕಾಟ್ಲೆಂಡಿನ ಹಿಬರ್ನಿಯನ್, ಮೆಲ್ಬರ್ನ್ ಸಿಟಿ, ಈಗ ಕೋಲ್ಕತ್ತಾ. ಇಷ್ಟು ಗೋಲು ಹೊಡೆಯುವವನು ಯೂರೋಪಿನಲ್ಲಿ ಯಾಕೆ ಉಳಿಯಲಿಲ್ಲ?

ಮೆಲ್ಬರ್ನ್ ಕನ್ನಡಿಗ: ಡಾರ್ಮ್‌ಸ್ಟಾಟ್‌ನಲ್ಲಿ ಆಡಲು ಅವಕಾಶವೇ ಕಡಿಮೆ ಸಿಕ್ಕಿತು. ಅವನು ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಜಾಗ) ಒಳಗಿನ ಆಟಗಾರ. ಡಿಫೆಂಡರ್ ಬೆನ್ನ ಹಿಂದೆ ನಿಂತು, ಚೆಂಡು ಬರುವ ಕ್ಷಣಕ್ಕೆ ಒಂದೇ ಹೆಜ್ಜೆ ಮುಂದೆ ಹಾಕುತ್ತಾನೆ. ಚೆಂಡು ಕೊಡುವವರಿಲ್ಲದಿದ್ದರೆ ಏನು ಮಾಡಲಿ ಪಾಪ! ಇಲ್ಲಿ ಸಿಟಿಗೆ ಬಂದ ಮೇಲೆ ನೋಡಿ: 2021ರ ಏಪ್ರಿಲ್‌ನಲ್ಲಿ ಇದೇ ಊರಿನ ಎದುರಾಳಿ ಮೆಲ್ಬರ್ನ್ ವಿಕ್ಟರಿಯನ್ನು 7-0ಗೆ ಸೋಲಿಸಿದ ಡರ್ಬಿಯಲ್ಲಿ ಅವನೊಬ್ಬನದೇ ಐದು ಗೋಲು. ಆಸ್ಟ್ರೇಲಿಯಾದ ಎ-ಲೀಗ್‌ನಲ್ಲಿ ಅವನಿಗಿಂತ ಜಾಸ್ತಿ ಗೋಲು ಹೊಡೆದು ಇಲ್ಲಿಂದ ಹೋದವರಿರಲಿಲ್ಲ.

ಹಳೇ ಫಾರ್ವರ್ಡ್: ಸ್ಕಾಟ್ಲೆಂಡನ್ನು ಸುಮ್ನೆ ದಾಟಿ ಹೋಗಬೇಡಿ. 2018ರ ಮೇನಲ್ಲಿ ಹಿಬರ್ನಿಯನ್–ರೇಂಜರ್ಸ್ ಪಂದ್ಯ 5-5. ಮೆಕ್ಲಾರೆನ್ ಹ್ಯಾಟ್ರಿಕ್, ಅದರಲ್ಲಿ ಕೊನೆಯದು ಸಮಬಲದ ಗೋಲು. ಆ ವರ್ಷ ಆಸ್ಟ್ರೇಲಿಯಾದ ವಿಶ್ವಕಪ್ ತಂಡಕ್ಕೂ ಸೇರಿದ. ಯೂರೋಪಿನಲ್ಲಿ ಸೋತ ಅನ್ನುವ ಮಾತನ್ನು ನಾನಂತೂ ಒಪ್ಪಲ್ಲ.

ವೆಸ್ಟ್ ಬ್ಲಾಕ್ ಹುಡುಗ: ಥ್ಯಾಂಕ್ಸ್ ಸರ್. ಆ 5-5 ಪಂದ್ಯ ಇವತ್ತೇ ಹುಡುಕಿ ನೋಡ್ತೀನಿ.