ಪ್ರಾಗ್ (ಪ್ರೊಗ್ರೆಸಿವ್) ರಾಕ್ ಎಲ್‌ಪಿ ಮರುಮುದ್ರಣ: ಐದು ಆಲ್ಬಂ, ಹತ್ತಾರು ಆವೃತ್ತಿ, ಯಾವುದು ತರಿಸೋದು?

ಕೆಮ್ಮಣ್ಣು33 (ಚಿಕ್ಕಮಗಳೂರು):

ಐದು ಹಳೆಯ ಆಲ್ಬಂಗಳ ಎಲ್‌ಪಿ (ವಿನೈಲ್ ತಟ್ಟೆ) ತರಿಸಬೇಕು. ಪಟ್ಟಿ ಹೀಗಿದೆ: ಕಿಂಗ್ ಕ್ರಿಮ್ಸನ್ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' (1969), ಜೆಥ್ರೋ ಟಲ್ 'ಅಕ್ವಾಲಂಗ್' (1971), ಯೆಸ್ 'ಕ್ಲೋಸ್ ಟು ದಿ ಎಡ್ಜ್' (1972), ಪಿಂಕ್ ಫ್ಲಾಯ್ಡ್ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973), ಜೆನೆಸಿಸ್ 'ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್' (1973). ಒಂದೊಂದಕ್ಕೂ ಮೂರ್ನಾಲ್ಕು ಮರುಮುದ್ರಣ ಮಾರಾಟದಲ್ಲಿವೆ. ಒಂದರ ಮೇಲೆ '180 ಗ್ರಾಂ' ಅಂತ ಚೀಟಿ, ಇನ್ನೊಂದರ ಮೇಲೆ 'ಹಾಫ್ ಸ್ಪೀಡ್', ಮತ್ತೊಂದರ ಮೇಲೆ 'ಸ್ಟೀವನ್ ವಿಲ್ಸನ್ ರೀಮಿಕ್ಸ್' (ಹಳೆಯ ಪ್ರಾಗ್ ಆಲ್ಬಂಗಳನ್ನು ಹೊಸದಾಗಿ ಮಿಕ್ಸ್ ಮಾಡುವ ಸಂಗೀತಗಾರ). ಇವುಗಳಲ್ಲಿ ಕಿವಿಗೆ ನಿಜವಾಗಿ ಗೊತ್ತಾಗುವಂಥದ್ದು ಯಾವುದು?

ಸಾಮಾನು: ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಗೆರೆಯಲ್ಲಿ ಓಡುವ ಮುಳ್ಳು ಕೂರುವ ತಲೆ). ಪ್ರತಿ ಬದಿಯ ಕೊನೇ ಹಾಡಿನಲ್ಲಿ ದನಿ ಸೀಳುತ್ತದೆ. ಅದು ತಟ್ಟೆಯ ದೋಷವೋ ಮುಳ್ಳಿನದೋ? ಜೊತೆಗೆ ಜೂನ್ ಬಂದರೆ ಕವರ್‌ಗಳಿಗೆ ಬೂಷ್ಟು. ದುಬಾರಿ ತಟ್ಟೆ ತರಿಸುವ ಮುಂಚೆ ಅದಕ್ಕೂ ದಾರಿ ಹೇಳಿ.

ಒಳಗೆರೆ (ಹಾಸನ):

ಮೊದಲು 180 ಗ್ರಾಂ ವಿಷಯ ಮುಗಿಸಿಬಿಡೋಣ. ಹಾಡು ಇರೋದು ಗೆರೆಯಲ್ಲಿ, ಗೆರೆಯ ಆಳ 120 ಗ್ರಾಂ ತಟ್ಟೆಗೂ 180ಕ್ಕೂ ಒಂದೇ. ದಪ್ಪ ತಟ್ಟೆ ಕೈಗೆ ಗಟ್ಟಿಯಾಗಿ ಸಿಗುತ್ತೆ, ಅಷ್ಟೇ. ದಪ್ಪಕ್ಕೆ ತಕ್ಕ ಹಾಗೆ ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಎತ್ತರ ಬದಲಿಸಬೇಕು ಅಂತ ಹೆದರಿಸುವವರಿದ್ದಾರೆ. ಲೆಕ್ಕ ಹಾಕಿ: 230 ಮಿ.ಮೀ. ಉದ್ದದ ಆರ್ಮ್‌ಗೆ 1 ಮಿ.ಮೀ. ಎತ್ತರ ಬದಲಾದರೆ ಮುಳ್ಳಿನ ಕೋನ ಬದಲಾಗೋದು ಕಾಲು ಡಿಗ್ರಿ. ಎರಡು ತಟ್ಟೆಗಳ ದಪ್ಪದ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ.

ಹಾಫ್ ಸ್ಪೀಡ್ ಅಂದರೆ ಲ್ಯಾಕರ್ (ಅಚ್ಚಿಗೆ ಮೂಲವಾಗುವ ತಟ್ಟೆ) ಕೊರೆಯುವಾಗ ಯಂತ್ರವನ್ನೂ ಮೂಲ ಧ್ವನಿಯನ್ನೂ ಅರ್ಧ ವೇಗಕ್ಕೆ ಇಳಿಸೋದು. ಮೇಲಿನ ಸ್ವರಗಳನ್ನು ಕೊರೆಯೋದು ಆಗ ಯಂತ್ರಕ್ಕೆ ಸುಲಭ. ಅದರ ಅರ್ಥ 'ಪೂರ್ತಿ ಅನಲಾಗ್' ಅಂತಲ್ಲ. ಈಗಿನ ಹಾಫ್ ಸ್ಪೀಡ್ ಕಟ್‌ಗಳಲ್ಲಿ ಬಹುಪಾಲು ಡಿಜಿಟಲ್ ಫೈಲಿನಿಂದಲೇ ಆಗೋದು. ಅದೇನೂ ಪಾಪ ಅಲ್ಲ, ಆದರೆ ಚೀಟಿ ನೋಡಿ ಇಲ್ಲದ್ದನ್ನು ಊಹಿಸಿಕೊಳ್ಳಬೇಡಿ.

ಕೇಳಬೇಕಾದ್ದು ಬೇರೆ. ಯಾವ ಟೇಪಿನಿಂದ? ಕೊರೆದವರು ಯಾರು? ಬದಿಗೆ ಎಷ್ಟು ನಿಮಿಷ? ಕೊನೆಯದನ್ನು ಯಾರೂ ಕೇಳೋದೇ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಇದರಿಂದ ಹೆಚ್ಚು ಪೆಟ್ಟು ತಿಂದಿರೋದು ಜೆನೆಸಿಸ್. 'ಸೆಲ್ಲಿಂಗ್ ಇಂಗ್ಲೆಂಡ್' ಎರಡನೇ ಬದಿ 28 ನಿಮಿಷ ದಾಟುತ್ತೆ. ನಿಮಿಷಕ್ಕೆ 33⅓ ಸುತ್ತಿನಂತೆ 930ಕ್ಕೂ ಹೆಚ್ಚು ಸುತ್ತು. ಗೆರೆಗೆ ಸಿಗುವ ಜಾಗ ತಟ್ಟೆಯ ಮಧ್ಯದಿಂದ 146 ಮಿ.ಮೀ. ದೂರದಿಂದ ಸುಮಾರು 60ರವರೆಗೆ, ಅಂದರೆ 86 ಮಿ.ಮೀ. ಹಂಚಿದರೆ ಗೆರೆಯಿಂದ ಗೆರೆಗೆ ಸರಾಸರಿ 0.09 ಮಿ.ಮೀ. 'ಕ್ಲೋಸ್ ಟು ದಿ ಎಡ್ಜ್' ಬದಿಗಳು ಹತ್ತೊಂಬತ್ತರ ಆಸುಪಾಸು, ಅಲ್ಲಿ 0.14 ಸಿಗುತ್ತೆ. ಜಾಗ ಇಲ್ಲದಿದ್ದರೆ ಕೊರೆಯುವವನು ಮಾಡುವುದು ಎರಡೇ: ಒಟ್ಟು ಧ್ವನಿ ತಗ್ಗಿಸೋದು, ಕೆಳ ಸ್ವರ ಸವರೋದು. ಧ್ವನಿ ತಗ್ಗಿದ ಮೇಲೆ ನೀವು ವಾಲ್ಯೂಮ್ ಏರಿಸ್ತೀರಿ, ಜೊತೆಗೆ ಚಟಪಟವೂ ಏರುತ್ತೆ. 'ದ ಸಿನಿಮಾ ಶೋ' ಇರೋದು ಅದೇ ಬದಿಯ ಒಳ ತುದಿಯಲ್ಲಿ. ಹಾಗಾಗಿ ಈ ಆಲ್ಬಂ ಒಂದಕ್ಕೆ ಮಾತ್ರ, ಎರಡು ತಟ್ಟೆಗೆ ಹಂಚಿದ 45 ವೇಗದ ಆವೃತ್ತಿ ಸಿಕ್ಕರೆ ಹೆಚ್ಚು ದುಡ್ಡು ಕೊಡೋದಕ್ಕೆ ಅರ್ಥ ಇದೆ.

ಇನ್ನೊಂದು: ಜೆನೆಸಿಸ್ ಆಲ್ಬಂಗಳಿಗೆ ನಿಕ್ ಡೇವಿಸ್ 2007ರ ಹೊತ್ತಿಗೆ ರೀಮಿಕ್ಸ್ ಮಾಡಿದ್ದಾರೆ. ಕವರಿನ ಹಿಂದೆ ಆ ಹೆಸರಿದ್ದರೆ ಅದು ಹಳೆಯ ಮಿಕ್ಸ್ ಅಲ್ಲ. ದನಿ ಹೆಚ್ಚು ಹೊಳಪು, ಒತ್ತಡವೂ (ಜೋರು–ಮೆಲು ದನಿಯ ಅಂತರ ಹಿಂಡಿರೋದು) ಹೆಚ್ಚು. ಹಳೆಯದೇ ಬೇಕಿದ್ದರೆ ಕರಿಸ್ಮಾ ಕಂಪನಿಯದೇ ಆಗಿನ ಮರುಮುದ್ರಣ ಹುಡುಕಿ. ಮೊದಲ ಮುದ್ರಣದ (ಸಿಎಎಸ್ 1074) ಬೆಲೆ ತೆರಬೇಕಿಲ್ಲ.

ಪಿಂಕ್ ಫ್ಲಾಯ್ಡ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2003ರ ಮೂವತ್ತನೇ ವರ್ಷದ ಆವೃತ್ತಿ ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಕೈಯಲ್ಲಿ ಆದದ್ದು, ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಸುಲಭಕ್ಕೆ ಸಿಗೋದು 2016ರದು: ಹದ ಮಾಡಿದವರು ಜೇಮ್ಸ್ ಗಥ್ರಿ, ಜೋಯೆಲ್ ಪ್ಲಾಂಟ್, ಬರ್ನಿ ಗ್ರಂಡ್‌ಮನ್. ಅದು ಸಾಕು. 2024ರ ಪಾರದರ್ಶಕ ಆವೃತ್ತಿ ಗೋಡೆಗೆ ಚಂದ. ತಟ್ಟೆಯ ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದರಲ್ಲಿ ಚಿತ್ರ. ಮಗುಚಿ ಹಾಕುವ ಬದಲು ತಟ್ಟೆಯನ್ನೇ ಬದಲಾಯಿಸಬೇಕು.

ಉಳಿದ ಮೂರಕ್ಕೆ ವಿಲ್ಸನ್ ರೀಮಿಕ್ಸ್ ತಗೊಳ್ಳಿ.

ಮೆಲ್ಲೋಟ್ರಾನ್ ಮೂಡಿಗೆರೆ:

ಒಳಗೆರೆಯವರೇ, ಕೊನೇ ಸಾಲು ಒಂದೇ ಏಟಿಗೆ ಹೇಳಿಬಿಟ್ಟಿರಲ್ಲ ಮಾರಾಯ್ರೆ. ಮೂರೂ ಒಂದೇ ತೂಕದವಲ್ಲ.

ರೀಮಾಸ್ಟರ್ ಅಂದರೆ ಎರಡು ಚಾನೆಲ್‌ಗೆ ಇಳಿಸಿದ ಟೇಪನ್ನು ಮತ್ತೆ ಹದ ಮಾಡೋದು. ರೀಮಿಕ್ಸ್ ಅಂದರೆ ಡ್ರಮ್ಸು, ಬೇಸು, ಗಾಯನ ಬೇರೆಬೇರೆ ಇರುವ ಮಲ್ಟಿಟ್ರ್ಯಾಕ್‌ಗೆ ಹಿಂದಿರುಗಿ ಪೂರ್ತಿ ಹೊಸದಾಗಿ ಕೂಡಿಸೋದು. ಎಲ್ಲೆಲ್ಲಿ ಮೂಲ ಮಿಕ್ಸೇ ಹಾಳಾಗಿತ್ತೋ ಅಲ್ಲಿ ಇದು ದೊಡ್ಡ ಉಪಕಾರ. ಮೂಲ ಚೆನ್ನಾಗಿದ್ದ ಕಡೆ ಅದು ಇನ್ನೊಬ್ಬರ ರುಚಿ, ಅಷ್ಟೇ.

'ಅಕ್ವಾಲಂಗ್': ಕಣ್ಣು ಮುಚ್ಚಿ ರೀಮಿಕ್ಸ್ ತಗೊಳ್ಳಿ. ಲಂಡನ್ನಿನ ಬೇಸಿಂಗ್ ಸ್ಟ್ರೀಟ್‌ನಲ್ಲಿ ಐಲ್ಯಾಂಡ್ ಕಂಪನಿ ಆಗಷ್ಟೇ ತೆರೆದಿದ್ದ ಸ್ಟುಡಿಯೋದಲ್ಲಿ ಅದು ರೆಕಾರ್ಡ್ ಆದದ್ದು. ಮೂಲ ಎಲ್‌ಪಿ ತೆಳು, ಮುಸುಕು ಹಾಕಿದ ದನಿ. 2011ರ ವಿಲ್ಸನ್ ಮಿಕ್ಸ್‌ನಲ್ಲಿ ಅಕೌಸ್ಟಿಕ್ ಗಿಟಾರಿಗೂ ಬೇಸಿಗೂ ಜಾಗ ಸಿಕ್ಕಿದೆ. ಒಂದು ಎಚ್ಚರ: ಅಂಗಡಿಯವರು 'ರೀಮಾಸ್ಟರ್' ಅಂತ ಬರೆದು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಕವರಿನ ಮೇಲೆ ವಿಲ್ಸನ್ ಹೆಸರು ಇದೆಯಾ ಅಂತ ಫೋಟೋ ತರಿಸಿ ನೋಡಿ.

ಕ್ರಿಮ್ಸನ್ ಕಥೆ ಬೇರೆ. 1969ರಲ್ಲಿ ಮಿಕ್ಸ್ ಇಳಿಸಿಕೊಂಡ ಸ್ಟೀರಿಯೋ ಯಂತ್ರದ ಹೆಡ್ (ಟೇಪಿಗೆ ದನಿ ಬರೆಯುವ ಭಾಗ) ಓರೆಯಾಗಿತ್ತು. ಅದರಿಂದ ಮೇಲಿನ ಸ್ವರಗಳು ಮಂಕಾದವು, ಬೇಡದ ಕರಕರವೂ ಸೇರಿತು. ಆ ಮೇಲೆ ಮೊದಲ ತಲೆಮಾರಿನ ಟೇಪೇ ದಶಕಗಟ್ಟಲೆ ಕಾಣೆ, ಪ್ರತಿಯ ಪ್ರತಿಯಿಂದ ಎಷ್ಟೋ ಮುದ್ರಣ ಆದವು. ಹಾಗಾಗಿ ಆ ಟೇಪು ಸಿಕ್ಕು ಅದರಿಂದ ಆವೃತ್ತಿ ಬಂದ 2004ಕ್ಕೆ ಮುಂಚಿನ ಅಗ್ಗದ ಮರುಮುದ್ರಣ ಬೇಡ. ಐವತ್ತನೇ ವರ್ಷಕ್ಕೆ ಬಂದ ವಿಲ್ಸನ್ನರ 2019ರ ಮಿಕ್ಸ್ 200 ಗ್ರಾಂ ಜೋಡಿ ಎಲ್‌ಪಿಯಾಗಿ ಇದೆ, ಅದು ಸರಿ. ಆದರೆ ಬದಿಯ ಕೊನೆಗಳನ್ನು ನೋಡಿ: ಮೊದಲ ಬದಿ ಮುಗಿಯೋದು 'ಎಪಿಟಾಫ್'ನಲ್ಲಿ, ಎರಡನೆಯದು ಶೀರ್ಷಿಕೆ ಹಾಡಲ್ಲಿ. ಎರಡರಲ್ಲೂ ಮೆಲ್ಲೋಟ್ರಾನ್ (ಟೇಪಿನಿಂದ ವಾದ್ಯಗಳ ದನಿ ನುಡಿಸುವ ಕೀಬೋರ್ಡ್) ತುಂಬಿ ಹರಿಯೋದು ತಟ್ಟೆಯ ಅತಿ ಇಕ್ಕಟ್ಟಿನ ಜಾಗದಲ್ಲಿ.

'ಕ್ಲೋಸ್ ಟು ದಿ ಎಡ್ಜ್'ಗೆ ಮಾತ್ರ ಮೂಲ ಮಿಕ್ಸ್ ಪರ ನನ್ನ ಮತ. ವಿಲ್ಸನ್ ಕೆಲಸ (2013) ಸ್ವಚ್ಛವಾಗಿದೆ, ಯೆಸ್ ತಂಡದ ಕ್ರಿಸ್ ಸ್ಕ್ವೈರ್ ಬೇಸ್ ಎದ್ದು ಕಾಣುತ್ತೆ, ಒಪ್ಪುವೆ. ಹಳೆಯದರಲ್ಲಿ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿದ್ದ ಮಂಜು ಇಲ್ಲಿ ಚದುರಿಹೋಗಿದೆ. ಮುಳ್ಳಯ್ಯನಗಿರಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ನೋಡಿದ ಹಾಗೆ.

ತಟ್ಟೆ ಬಂದ ಮೇಲೆ ತೂತು ನಡುವಲ್ಲಿದೆಯಾ ನೋಡಿ. ಪ್ರಾಗ್‌ನಲ್ಲಿ ಇದು ಬೇರೆ ಸಂಗೀತಕ್ಕಿಂತ ಹೆಚ್ಚು ಕಾಡುತ್ತೆ, ಯಾಕಂದರೆ ಉದ್ದಕ್ಕೆ ಎಳೆದ ಸ್ವರ ಜಾಸ್ತಿ. ತೂತು ಅರ್ಧ ಮಿ.ಮೀ. ಆಚೀಚೆ ಇದ್ದರೆ ಒಳ ಗೆರೆಯಲ್ಲಿ ಶ್ರುತಿ ಶೇ. 0.8ರಷ್ಟು ಮೇಲೆ ಕೆಳಗೆ ತೂಗುತ್ತೆ, 1.8 ಸೆಕೆಂಡಿಗೆ ಒಂದು ಸಲ. ತಂಬೂರಿ ತಂತಿಯನ್ನು ಯಾರೋ ಜಗ್ಗಿ ಬಿಟ್ಟ ಹಾಗೆ. ಪರೀಕ್ಷೆಗೆ 'ಸೆಲ್ಲಿಂಗ್ ಇಂಗ್ಲೆಂಡ್'ನ 'ಫರ್ತ್ ಆಫ್ ಫಿಫ್ತ್' ಶುರುವಿನ ಪಿಯಾನೋ ಸಾಕು. ಕಣ್ಣಿಗೆ: ಆರ್ಮ್ ಒಳಗೆ ಹೋಗುತ್ತಾ ಎಡಬಲಕ್ಕೆ ಓಲಾಡಿದರೆ ತೂತಿನ ತಪ್ಪು, ಮೇಲೆ ಕೆಳಗೆ ಕುಣಿದರೆ ತಟ್ಟೆ ಸೊಟ್ಟ.

ಕೆಮ್ಮಣ್ಣು33:

ಉಪಕಾರ. ಡೈನಾಮಿಕ್ ರೇಂಜ್ (ಜೋರು–ಮೆಲು ದನಿಯ ಅಂತರ) ಅಂಕಿಗಳ ಪಟ್ಟಿಯಲ್ಲಿ ಎಲ್‌ಪಿಗೆ ಯಾವಾಗಲೂ ಸಿಡಿಗಿಂತ ಹೆಚ್ಚು ಅಂಕ ಇರುತ್ತಲ್ಲ, ಅದನ್ನು ನಂಬಿ ಆವೃತ್ತಿ ಆರಿಸಬಹುದಾ? ಒಳ ಗೆರೆಯ ಸೀಳು ದನಿಗೆ ಏನು ಮಾಡೋದು?

ಒಳಗೆರೆ (ಹಾಸನ):

ಆ ಅಂಕಿ ಎಲ್‌ಪಿಗೆ ನಡೆಯಲ್ಲ ಕಣ್ರೀ. ಅದೇ ಫೈಲನ್ನು ತಟ್ಟೆಗೆ ಕೊರೆದು, ನುಡಿಸಿ, ಮತ್ತೆ ಅಳೆದರೆ ಅಂಕ ತಾನೇ ಏರುತ್ತೆ. ಕೊರೆಯುವಾಗ, ಮುಳ್ಳು ಓಡುವಾಗ ಅಲೆಯ ಆಕಾರ ಬದಲಾಗಿ ಶಿಖರಗಳು ಮೇಲೇಳುತ್ತವೆ. ಒತ್ತಿ ಹಿಂಡಿದ ಸಂಗೀತ ಅದರಿಂದ ಬಿಡುಗಡೆಯಾಗಿರಲ್ಲ. ಎರಡು ಎಲ್‌ಪಿ ಹೋಲಿಸುವಾಗ ಕೂಡ ಮೊದಲು ವಾಲ್ಯೂಮ್ ಸಮ ಮಾಡಿ. ಸ್ವಲ್ಪ ಜೋರಾಗಿರೋದು ಎಲ್ಲರಿಗೂ 'ಚೆನ್ನಾಗಿದೆ' ಅನ್ನಿಸುತ್ತೆ.

ಸೀಳು ದನಿಯ ಕಾರಣ ಸರಳ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ 51 ಸೆಂ.ಮೀ. ಓಡಿದರೆ ಒಳ ತುದಿಯಲ್ಲಿ 21. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಿದ್ದಾರೆ. ಈ ಕ್ರಮದಲ್ಲಿ ನೋಡಿ:

ಮುಳ್ಳಿನ ಭಾರ ಡಿಜಿಟಲ್ ತೂಕದಲ್ಲಿ ಅಳೆದು 2.0 ಗ್ರಾಂ ಇಡಿ (ವಿಎಂ95ಇಗೆ 1.8ರಿಂದ 2.2 ನಡೆಯುತ್ತೆ). ಗೆರೆ ಸವೆದೀತು ಅಂತ 1.5ಕ್ಕೆ ಇಳಿಸುವವರೇ ಹೆಚ್ಚು ಹಾಳು ಮಾಡೋದು, ಹಗುರಾದ ಮುಳ್ಳು ಗೋಡೆಯಿಂದ ಗೋಡೆಗೆ ಬಡಿಯುತ್ತೆ. ಆಮೇಲೆ ಪ್ರೊಟ್ರ್ಯಾಕ್ಟರ್ ಕಾಗದ (ಕಾರ್ಟ್ರಿಜ್ ನೇರ ಕೂರಿಸಲು ಗುರುತು ಹಾಕಿದ್ದು). ಬೇರ್ವಾಲ್ಡ್ ಅನ್ನುವ ಜೋಡಣೆ ಕ್ರಮದಲ್ಲಿ ತಟ್ಟೆಯ ಮಧ್ಯದಿಂದ 66.0 ಮತ್ತು 120.9 ಮಿ.ಮೀ. ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ನೇರ ಕೂರಬೇಕು, ಒಂದರಲ್ಲಿ ಸರಿಯಾಗಿ ಇನ್ನೊಂದರಲ್ಲಿ ಓರೆ ಇದ್ದರೆ ಮುಂದಕ್ಕೋ ಹಿಂದಕ್ಕೋ ಸರಿಸಿ ಮತ್ತೆ ನೋಡಿ. ಕಾಗದ ಮುದ್ರಿಸುವಾಗ 'ಪುಟಕ್ಕೆ ಹೊಂದಿಸು' ಆಯ್ಕೆ ತೆಗೆದು, ಸ್ಕೇಲ್ ಇಟ್ಟು ಅಳತೆ ಖಚಿತ ಮಾಡಿಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ಶೇ. 97ಕ್ಕೆ ಕುಗ್ಗಿಸಿ ಕೊಟ್ಟರೆ ಇಡೀ ಶ್ರಮ ನೀರುಪಾಲು.

ಇಷ್ಟಾದರೂ ಸೀಳಿದರೆ ಕಾರ್ಟ್ರಿಜ್ ಬದಲಿಸಬೇಡಿ, ಮುಳ್ಳು ಮಾತ್ರ ಬದಲಿಸಿ. ವಿಎಂ95 ಸರಣಿಯ ಮುಳ್ಳುಗಳೆಲ್ಲ ಅದೇ ದೇಹಕ್ಕೆ ಕೂರುತ್ತವೆ, ಮೈಕ್ರೋಲೈನ್ ಮುಳ್ಳಿನ (ವಿಎಂಎನ್95ಎಂಎಲ್) ತುದಿ ಹೆಚ್ಚು ಸಣ್ಣ, ಒಳ ಗೆರೆಯ ಇಕ್ಕಟ್ಟಿನಲ್ಲೂ ನುಸುಳುತ್ತೆ. ಐದು ತಟ್ಟೆಗೆ ಐದು 'ಡೀಲಕ್ಸ್' ಕೊಳ್ಳುವ ಬದಲು ಈ ಒಂದು ಮುಳ್ಳು ಕೊಂಡರೆ ಐದಕ್ಕೂ ಲಾಭ.

ಹೊಸ ತಟ್ಟೆಯಲ್ಲಿ ಒಂದೇ ಕಡೆಯ ಸ್ಪೀಕರಿನಿಂದ ಬಟ್ಟೆ ಹರಿದ ಹಾಗೆ 'ಝರ್ ಝರ್' ಬಂದರೆ ಅದು ನಿಮ್ಮ ತಪ್ಪಲ್ಲ. ಒತ್ತುವಾಗ ಬಿಸಿ ಸಾಲದೆ, ಇಲ್ಲವೇ ಅವಸರದಲ್ಲಿ ಗೆರೆಯೊಳಗೆ ವಿನೈಲ್ ಪೂರ್ತಿ ತುಂಬಿರಲ್ಲ. ತೊಳೆದರೂ ಹೋಗಲ್ಲ. ಫೋಟೋದಲ್ಲಿ ಸರಿಯಾಗಿ ಕಾಣಲ್ಲ, ಮೂವತ್ತು ಸೆಕೆಂಡು ಆಡಿಯೋ ರೆಕಾರ್ಡ್ ಮಾಡಿ ಮಾರಿದವರಿಗೆ ಕಳಿಸಿ. ಈ ಕಾರಣಕ್ಕೇ ದುಬಾರಿ ತಟ್ಟೆಯನ್ನು ದೇಶದೊಳಗಿನ ಅಂಗಡಿಯಿಂದ ಕೊಳ್ಳೋದು ಒಳ್ಳೇದು. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಕಟ್ಟಿದ ಮೇಲೆ ವಾಪಸ್ ಕಳಿಸುವ ಖರ್ಚೇ ಮತ್ತೊಂದು ತಟ್ಟೆ ಆಗುತ್ತೆ.

ಬಿಸಿಲೆ ಘಾಟಿ (ಸಕಲೇಶಪುರ):

ಬೂಷ್ಟಿನ ಮಾತು ಯಾರೂ ಎತ್ತಿಲ್ಲ, ನಾನೇ ಹೇಳ್ತೀನಿ.

ಬೂಷ್ಟಿಗೆ ಊಟ ವಿನೈಲ್ ಅಲ್ಲ, ಕಾಗದ ಮತ್ತು ಕೈ ಬೆವರಿನ ಜಿಡ್ಡು. ಹಾಗಾಗಿ ಮೊದಲು ಒಳಗಿನ ಕಾಗದದ ಚೀಲ ತೆಗೆದು ಆಂಟಿ-ಸ್ಟ್ಯಾಟಿಕ್ ಪಾಲಿಥಿನ್ ಒಳಚೀಲ ಹಾಕಿ. ಮುದ್ರಿಸಿದ ಮೂಲ ಚೀಲವನ್ನು ಕವರಿನಲ್ಲೇ ಬೇರೆ ಇಡಿ. ಹೊಸ ತಟ್ಟೆಯ ಶ್ರಿಂಕ್ ಹೊದಿಕೆಯನ್ನು ಪೂರ್ತಿ ಕಿತ್ತುಹಾಕಿ. ಅದು ಥಂಡಿಯನ್ನು ಒಳಗೇ ಹಿಡಿದಿಡುತ್ತೆ, ಬಿಗಿಯಾಗಿ ತಟ್ಟೆಯನ್ನೂ ಬಗ್ಗಿಸುತ್ತೆ. ಹೊರ ಹೊದಿಕೆಗೆ ಪಾಲಿಪ್ರೊಪಿಲೀನ್. ದಪ್ಪ ಮೆತ್ತನೆ ಪಿವಿಸಿ ಹೊದಿಕೆ ಬೇಡ, ವರ್ಷಗಳಲ್ಲಿ ತಟ್ಟೆಯ ಮೇಲೆ ಮೋಡದಂಥ ಕಲೆ ಬಿಡುತ್ತೆ, ಅದು ಗೆರೆಯೊಳಗೇ ಕೂರುತ್ತೆ.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಮಳೆ ಹೊಡೆಯುವ ಪಡುವಣ ಗೋಡೆಗೆ ಬೇಡವೇ ಬೇಡ. ತಟ್ಟೆಗಳು ನೆಟ್ಟಗೆ ನಿಂತಿರಲಿ. ತೇವಮಾಪಕ ಒಂದು ಇಡಿ, ಶೇ. 50ರ ಆಸುಪಾಸು ಇದ್ದರೆ ಸೊಗಸು. ಆಷಾಢದಲ್ಲಿ ನಮ್ಮ ಕಡೆ ತೆರೆದ ಕಪಾಟಿನಲ್ಲಿ ಅದು ಕನಸು. ಬಾಗಿಲು ಗಟ್ಟಿಯಾಗಿ ಮುಚ್ಚುವ ಕಪಾಟು, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸೋದು (ಆ ಬಾಣಲೆ ಅಡುಗೆಗೆ ಬೇಡ).

ಬಂದಿರುವ ಬೂಷ್ಟನ್ನು ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಆಮೇಲೆ ತೊಳೆಯಿರಿ. ಒಂದು ಲೀಟರಿಗೆ: ಡಿಸ್ಟಿಲ್ಡ್ ನೀರು 800 ಮಿ.ಲೀ., ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ 200 ಮಿ.ಲೀ., ಫೋಟೋ ತೊಳೆಯುವಾಗ ಹಾಕುವ ವೆಟ್ಟಿಂಗ್ ಏಜೆಂಟ್ ನಾಲ್ಕೈದು ಹನಿ. ಮೆತ್ತನೆ ಬ್ರಷ್, ಗೆರೆ ಓಡುವ ದಿಕ್ಕಿನಲ್ಲೇ. ಲೇಬಲ್ ಒದ್ದೆಯಾಗಬಾರದು. ಮುಗಿದ ಮೇಲೆ ಬರಿಯ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ. ಇದನ್ನು ಬಿಟ್ಟರೆ ಒಣಗಿದ ಶೇಷ ಮುಳ್ಳಿಗೆ ಅಂಟುತ್ತೆ. ನೆರಳಲ್ಲಿ ಒಣಗಲಿ. ಹೇರ್ ಡ್ರೈಯರ್, ಬಿಸಿಲು, ಒಲೆ ಮೇಲಿನ ಅಟ್ಟ ಎಲ್ಲ ಬೇಡ, 50–60 ಡಿಗ್ರಿಗೆ ವಿನೈಲ್ ಮೆತ್ತಗಾಗುತ್ತೆ. ಮನೆಯಲ್ಲಿ ಅಜ್ಜನ ಕಾಲದ 78ರ ಅರಗಿನ ತಟ್ಟೆ ಇದ್ದರೆ ಈ ದ್ರಾವಣ ಮುಟ್ಟಿಸಲೇಬೇಡಿ, ಆಲ್ಕೋಹಾಲ್ ಅದನ್ನು ಕರಗಿಸುತ್ತೆ.

ಕರೆಂಟಿನ ಬಗ್ಗೆಯೂ ಒಂದು ಮಾತು. ನಿಮ್ಮದು ಎಸಿ ಸಿಂಕ್ರೊನಸ್ ಮೋಟಾರ್ ಆಗಿದ್ದರೆ ವೇಗ ನಿರ್ಧರಿಸೋದು ವೋಲ್ಟೇಜ್ ಅಲ್ಲ, 50 ಹರ್ಟ್ಸ್ ಆವರ್ತನ. ಸ್ಟೆಬಿಲೈಸರ್ ಹಾಕಿ ಶ್ರುತಿ ಸರಿಮಾಡಲಾಗದು. ಚೌಕ ಅಲೆಯ ಅಗ್ಗದ ಇನ್ವರ್ಟರಿಗೆ ಹಾಕಿದರೆ ಮೋಟಾರ್ ಗುಂಯ್‌ಗುಟ್ಟುತ್ತೆ. ಅಮೆರಿಕದಿಂದ ತಂದ 60 ಹರ್ಟ್ಸ್ ಯಂತ್ರ ಇಲ್ಲಿ 33ರ ಬದಲು ಸುಮಾರು 28ರಲ್ಲಿ ತಿರುಗುತ್ತೆ, ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್ ಕುಂಭಕರ್ಣನ ಹಾಗೆ ಹಾಡ್ತಾರೆ. ಅಡಾಪ್ಟರ್‌ನಿಂದ ನಡೆಯುವ ಡಿಸಿ ಮೋಟಾರಿಗೆ ಈ ತಾಪತ್ರಯವಿಲ್ಲ.

ಕೆಮ್ಮಣ್ಣು33:

ನನ್ನದು ಅಡಾಪ್ಟರ್ ಮಾದರಿ, ಬಚಾವ್. ಮುಳ್ಳು ಮೊದಲು, ಆಮೇಲೆ 'ಅಕ್ವಾಲಂಗ್'. ಡಿಸ್ಟಿಲ್ಡ್ ನೀರು ಅಂದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಆಗುತ್ತಾ?

ಬಿಸಿಲೆ ಘಾಟಿ (ಸಕಲೇಶಪುರ):

ಸೀಲ್ ಒಡೆಯದ ಡಬ್ಬಿ, ಮೇಲೆ ಡಿಮಿನರಲೈಸ್ಡ್ ಅಥವಾ ಡಿಸ್ಟಿಲ್ಡ್ ಅಂತ ಇದ್ದರೆ ಆಗುತ್ತೆ. ಬ್ಯಾಟರಿ ಆಸಿಡ್ ಡಬ್ಬಿಯೂ ಪಕ್ಕದಲ್ಲೇ ಇಟ್ಟಿರ್ತಾರೆ, ಲೇಬಲ್ ಓದಿ ತಗೊಳ್ಳಿ. ಗಾಜಿನ ಮೇಲೆ ಒಂದು ಹನಿ ಒಣಗಿಸಿ ನೋಡಿ, ಬಿಳಿ ಉಂಗುರ ಉಳಿದರೆ ಬೇಡ.